ಮೂಳೆ ಮುರಿತ: ಬಗೆಗಳು, ಮೊದಲ ಗಂಟೆಯ ಆರೈಕೆ, ಪ್ಲಾಸ್ಟರ್, ರಾಡ್, ಪ್ಲೇಟ್ ಮತ್ತು ಆಮೇಲಿನ ವ್ಯಾಯಾಮ

‘ಮುರಿದಿಲ್ಲ, ಬರೀ ಕ್ರ್ಯಾಕ್ ಆಗಿದೆ’ ಎಂಬ ಮಾತು ಎಕ್ಸ್-ರೇ ಕೋಣೆಯ ಹೊರಗೆ ದಿನವೂ ಕೇಳಿಬರುತ್ತದೆ. ಕ್ರ್ಯಾಕ್, ಹೇರ್‌ಲೈನ್, ಫ್ರ್ಯಾಕ್ಚರ್ ಇವೆಲ್ಲ ಒಂದೇ ಪೆಟ್ಟಿನ ಬೇರೆ ಬೇರೆ ಹೆಸರುಗಳು. ಮೂಳೆಯ ಗಟ್ಟಿ ಹೊರಪದರ ಎಲ್ಲೇ ಸೀಳಿದರೂ ಅದು ಮುರಿತವೇ. ತುಂಡುಗಳು ಜಾಗ ಬಿಟ್ಟು ಸರಿದಿವೆಯೋ ಇಲ್ಲವೋ ಎಂಬುದಷ್ಟೇ ವ್ಯತ್ಯಾಸ. ಇನ್ನೊಂದು ತಪ್ಪು ಲೆಕ್ಕ: ‘ಬೆರಳು ಆಡುತ್ತಿದೆ, ಹಾಗಾಗಿ ಮುರಿದಿಲ್ಲ.’ ಬೆರಳನ್ನು ಆಡಿಸುವುದು ಸ್ನಾಯು ಮತ್ತು ಸ್ನಾಯುರಜ್ಜು. ಮುಂಗೈ ಮೂಳೆ ಎರಡು ತುಂಡಾಗಿದ್ದರೂ ಬೆರಳು ಆಡಬಹುದು.

ಮುಂದೆ ಓದುವಾಗ ಒಂದು ಸಂಗತಿ ನೆನಪಿರಲಿ. ಮೂಳೆ ತಾನಾಗಿಯೇ ಕೂಡಿಕೊಳ್ಳುವ ಗುಣ ಹೊಂದಿದೆ. ಅದನ್ನು ಸರಿಯಾದ ಸಾಲಿಗೆ ತಂದು, ಕೂಡುವವರೆಗೆ ಅಲುಗದಂತೆ ಹಿಡಿದು, ಸುತ್ತಲಿನ ಚರ್ಮ, ಸ್ನಾಯು, ನರ, ರಕ್ತನಾಳ ಕೆಡದಂತೆ ಕಾಯುವುದೇ ಚಿಕಿತ್ಸೆ. ಕೈಕಾಲು ಕಳೆದುಕೊಂಡವರ ಕಥೆ ಕೆದಕಿದರೆ ತಪ್ಪು ನಡೆದಿರುವುದು ಹೆಚ್ಚಾಗಿ ಮೂಳೆಯಲ್ಲಲ್ಲ, ಅದರ ಸುತ್ತಲಿನ ಮಾಂಸದಲ್ಲಿ.

ಮೊದಲ ಗಂಟೆಯಲ್ಲಿ ಮಾಡಬೇಕಾದದ್ದು

1. ಬಿದ್ದವರ ಉಸಿರು, ಪ್ರಜ್ಞೆ, ರಕ್ತಸ್ರಾವ ಮೊದಲು ನೋಡಿ, ಮೂಳೆ ಆಮೇಲೆ. ಕುತ್ತಿಗೆ ಅಥವಾ ಬೆನ್ನು ನೋವು, ಕೈಕಾಲಲ್ಲಿ ಜೋಮು ಎಂದರೆ ಎಬ್ಬಿಸಿ ಕೂರಿಸಬೇಡಿ. ತಲೆಯನ್ನು ಎರಡೂ ಕೈಯಿಂದ ನೇರವಾಗಿ ಹಿಡಿದು ಆಂಬುಲೆನ್ಸ್ ಬರುವವರೆಗೆ ಹಾಗೇ ಇರಿಸಿ.

2. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯನ್ನು ಗಾಯದ ಮೇಲೆ ಒತ್ತಿ ಹಿಡಿಯಿರಿ. ಮೂಳೆಯ ತುದಿ ಹೊರಗೆ ಕಂಡರೆ ಒಳಗೆ ತಳ್ಳಬೇಡಿ, ಅದರ ಮೇಲೆ ನೇರವಾಗಿ ಒತ್ತಲೂ ಬೇಡಿ. ಗಾಯಕ್ಕೆ ಯಾವ ಪುಡಿಯನ್ನೂ ಲೇಪವನ್ನೂ ಹಚ್ಚಬೇಡಿ. ಹಚ್ಚಿದ್ದನ್ನೆಲ್ಲ ಶಸ್ತ್ರಚಿಕಿತ್ಸೆಯಲ್ಲಿ ಕೆರೆದು ತೆಗೆಯಬೇಕಾಗುತ್ತದೆ.

3. ಉಂಗುರ, ಬಳೆ, ಕೈಗಡಿಯಾರ, ಕಾಲುಂಗುರಗಳನ್ನು ಕೂಡಲೇ ಬಿಚ್ಚಿ. ಅರ್ಧ ಗಂಟೆಯಲ್ಲಿ ಊತ ಏರಿದರೆ ಉಂಗುರವನ್ನು ಕತ್ತರಿಸಿಯೇ ತೆಗೆಯಬೇಕು.

4. ಸೊಟ್ಟಗಿದ್ದ ಕೈಕಾಲನ್ನು ನೆಟ್ಟಗೆ ಮಾಡಲು ಹೋಗದೆ, ಇದ್ದ ಭಂಗಿಯಲ್ಲೇ ಆಸರೆ ಕಟ್ಟಿ. ಮುರಿದ ಜಾಗದ ಮೇಲಿನ ಕೀಲೂ ಕೆಳಗಿನ ಕೀಲೂ ಎರಡೂ ಅಲುಗಬಾರದು. ಮುಂಗೈ ಮುರಿದರೆ ಮೊಣಕೈಯಿಂದ ಅಂಗೈವರೆಗೆ ಆಸರೆ ಬೇಕು. ದಪ್ಪ ರಟ್ಟು, ಸುತ್ತಿದ ಪತ್ರಿಕೆ, ಹಲಗೆ ಏನಾದರೂ ಆದೀತು. ನಡುವೆ ಮೆತ್ತನೆಯ ಬಟ್ಟೆ ಇರಲಿ. ಕಾಲಿಗೆ ಏನೂ ಸಿಗದಿದ್ದರೆ ಎರಡು ಕಾಲುಗಳ ನಡುವೆ ದಿಂಬಿಟ್ಟು ಪೆಟ್ಟಾದ ಕಾಲನ್ನು ಒಳ್ಳೆಯ ಕಾಲಿಗೇ ಕಟ್ಟಿ. ಗಂಟು ಮುರಿದ ಜಾಗದ ಮೇಲೆ ಬೀಳಬಾರದು.

5. ಕಟ್ಟುವ ಮೊದಲೂ ಕಟ್ಟಿದ ಮೇಲೂ ಬೆರಳ ತುದಿ ನೋಡಿ. ಉಗುರನ್ನು ಒತ್ತಿ ಬಿಟ್ಟರೆ ಬಿಳಿಚಿದ್ದು 2 ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಬೆರಳು ತಣ್ಣಗಾಗಿದ್ದರೆ, ಬಿಳಿಚಿದ್ದರೆ, ಮುಟ್ಟಿದ್ದು ತಿಳಿಯದಿದ್ದರೆ ಕಟ್ಟನ್ನು ಸಡಿಲಿಸಿ. ಆಗಲೂ ಬಣ್ಣ ಮರಳದಿದ್ದರೆ ರಕ್ತನಾಳಕ್ಕೆ ಪೆಟ್ಟಾಗಿದೆ ಎಂದೇ ತಿಳಿದು ಆಸ್ಪತ್ರೆಗೆ ಓಡಿ.

6. ಬಟ್ಟೆಯಲ್ಲಿ ಸುತ್ತಿದ ಐಸನ್ನು 15–20 ನಿಮಿಷ ಇಡಬಹುದು. ತಿಕ್ಕುವುದು, ನೀವುವುದು, ಬಿಸಿ ಶಾಖ ಕೊಡುವುದು ಬೇಡ. ಅರಿವಳಿಕೆ ಬೇಕಾಗಬಹುದಾದ್ದರಿಂದ ತಿನ್ನಲು, ಕುಡಿಯಲು ಏನೂ ಕೊಡಬೇಡಿ. ‘ಗಾಬರಿಯಾಗಿದ್ದಾರೆ, ಸ್ವಲ್ಪ ಹಾಲು ಕುಡಿಯಲಿ’ ಎಂಬ ಕಾಳಜಿಯಿಂದ ಶಸ್ತ್ರಚಿಕಿತ್ಸೆ ಕೆಲವು ಗಂಟೆ ಮುಂದಕ್ಕೆ ಹೋಗುತ್ತದೆ.

ತೊಡೆಮೂಳೆ ಮುರಿತದಲ್ಲಿ ಚರ್ಮ ಹರಿಯದಿದ್ದರೂ ಒಂದರಿಂದ ಒಂದೂವರೆ ಲೀಟರ್ ರಕ್ತ ತೊಡೆಯೊಳಗೇ ಸೋರಿಹೋಗಬಹುದು. ಸೊಂಟದ ಉಂಗುರದ, ಅಂದರೆ ಪೆಲ್ವಿಸ್‌ನ ಮುರಿತದಲ್ಲಿ ಇನ್ನೂ ಹೆಚ್ಚು. ಹೊರಗೆ ಒಂದು ಹನಿ ಕಾಣದೆಯೂ ಮನುಷ್ಯ ಬೆವರಿ, ಬಿಳಿಚಿ, ತಲೆತಿರುಗಿ ಕುಸಿಯುವುದು ಇದರಿಂದಲೇ.

ಯಾವ ಬಗೆಯ ಮುರಿತ?

ವೈದ್ಯರ ಮೊದಲ ಪ್ರಶ್ನೆ: ಮುರಿತಕ್ಕೂ ಹೊರಗಿನ ಗಾಳಿಗೂ ದಾರಿ ಇದೆಯೇ? ಚರ್ಮ ಹರಿದು ಮುರಿತದವರೆಗೆ ಗಾಯವಿದ್ದರೆ ತೆರೆದ ಮುರಿತ, ಇಲ್ಲದಿದ್ದರೆ ಮುಚ್ಚಿದ ಮುರಿತ. ಮುರಿದ ಜಾಗದ ಮೇಲೆ ಅಕ್ಕಿಕಾಳಿನಷ್ಟು ತೂತಿದ್ದು ಅದರಿಂದ ಎಣ್ಣೆಯ ಹನಿ ತೇಲುವ ಕಪ್ಪು ರಕ್ತ ಜಿನುಗುತ್ತಿದ್ದರೆ ಅದೂ ತೆರೆದ ಮುರಿತವೇ. ಆ ಎಣ್ಣೆ ಮೂಳೆ ಮಜ್ಜೆಯ ಕೊಬ್ಬು.

ಮುಂದಿನದು ಗೆರೆಯ ಆಕಾರ. ಇದನ್ನು ನೋಡಿದರೆ ಪೆಟ್ಟು ಹೇಗೆ ಬಿತ್ತೆಂದು ಹೇಳಬಹುದು. ಅಡ್ಡಗೆರೆ ಎಂದರೆ ಮೂಳೆ ಬಾಗಿ ಮುರಿದಿದೆ ಅಥವಾ ನೇರ ಏಟು ಬಿದ್ದಿದೆ. ಹಗ್ಗದ ಹುರಿಯಂತೆ ಸುತ್ತಿಕೊಂಡ ಗೆರೆ ಎಂದರೆ ಪಾದ ನೆಲಕ್ಕೆ ಕಚ್ಚಿಕೊಂಡಿದ್ದಾಗ ಮೈ ತಿರುಗಿದೆ. ಓರೆಗೆರೆಯ ಮುರಿತದ ತುಂಡುಗಳು ಒಂದರ ಮೇಲೊಂದು ಜಾರುವುದರಿಂದ ಪ್ಲಾಸ್ಟರಿನಲ್ಲಿ ನಿಲ್ಲುವುದು ಕಷ್ಟ. ಮೂರು ಅಥವಾ ಹೆಚ್ಚು ತುಂಡಾಗಿದ್ದರೆ ಚೂರುಚೂರು ಮುರಿತ. ವೇಗದ ವಾಹನ ಬಡಿದಾಗ, ಎತ್ತರದಿಂದ ಬಿದ್ದಾಗ ಇದು ಮಾಮೂಲು. ಒಂದು ತುಂಡು ಇನ್ನೊಂದರೊಳಗೆ ಹೊಕ್ಕು ಕಚ್ಚಿಕೊಳ್ಳುವುದೂ ಉಂಟು. ಇಂಥ ಮುರಿತವಿದ್ದವರು ಕೆಲವೊಮ್ಮೆ ನಡೆದೇ ಆಸ್ಪತ್ರೆಗೆ ಬರುತ್ತಾರೆ. ಸ್ನಾಯುರಜ್ಜು ಎಳೆದ ರಭಸಕ್ಕೆ ಅದು ಅಂಟಿದ್ದ ಮೂಳೆಯ ಚಕ್ಕೆಯೇ ಕಿತ್ತು ಬರುವುದು ಮತ್ತೊಂದು ಬಗೆ. ಬೆನ್ನುಮೂಳೆಯ ಗುಂಡುಗಳು ಮೇಲಿನ ಭಾರಕ್ಕೆ ಕುಸಿದು ಚಪ್ಪಟೆಯಾಗುತ್ತವೆ; ವಯಸ್ಸಾದವರ ಎತ್ತರ ಕುಗ್ಗಿ ಬೆನ್ನು ಗೂನಾಗಲು ಇದೂ ಒಂದು ಕಾರಣ.

ಪೆಟ್ಟೇ ಬೀಳದ ಮುರಿತಗಳೂ ಇವೆ. ಓಟ, ಕವಾಯತು ದಿಢೀರನೆ ಹೆಚ್ಚಿಸಿದವರ ಕಣಕಾಲಿನಲ್ಲೋ (ಮಂಡಿಯಿಂದ ಪಾದದವರೆಗಿನ ಕಾಲು) ಪಾದದ ಉದ್ದ ಮೂಳೆಗಳಲ್ಲೋ ಬಿರುಕು ಮೂಡುತ್ತದೆ. ಇದು ಒತ್ತಡದ ಮುರಿತ. ಮೊದಲ ಎರಡು ಮೂರು ವಾರ ಎಕ್ಸ್-ರೇಯಲ್ಲಿ ಕಾಣದೇ ಇರಬಹುದು. ಗಡ್ಡೆ ಅಥವಾ ಸೋಂಕಿನಿಂದ ಟೊಳ್ಳಾದ ಮೂಳೆ ಸುಮ್ಮನೆ ಮಗ್ಗುಲು ತಿರುಗಿದರೂ ಮುರಿದೀತು.

ಮಕ್ಕಳದು ಬೇರೆಯೇ ಲೋಕ. ಅವರ ಮೂಳೆಗೆ ಹಸಿ ಕಡ್ಡಿಯ ಗುಣ. ಬಾಗಿಸಿದರೆ ಒಂದು ಬದಿ ಸೀಳಿ ಇನ್ನೊಂದು ಬದಿ ಬರೀ ಬಾಗುತ್ತದೆ. ಇಲ್ಲವೇ ಒತ್ತಿದ ಕೊಳವೆಯಂತೆ ಒಂದೆಡೆ ಉಬ್ಬುತ್ತದೆ. ಮಣಿಕಟ್ಟಿನ ಇಂಥ ಉಬ್ಬು ಮುರಿತಕ್ಕೆ ಸುಮಾರು ಮೂರು ವಾರ ಬಿಚ್ಚಿ ಹಾಕಬಹುದಾದ ಪಟ್ಟಿ ಸಾಕು. ಎಚ್ಚರ ಬೇಕಾದದ್ದು ಮೂಳೆಯ ತುದಿಯಲ್ಲಿರುವ ಬೆಳವಣಿಗೆ ಫಲಕದ ಪೆಟ್ಟಿಗೆ. ಸಾಲ್ಟರ್ ಮತ್ತು ಹ್ಯಾರಿಸ್ ಎಂಬ ವೈದ್ಯರು 1963ರಲ್ಲಿ ಇದನ್ನು ಐದು ಬಗೆಯಾಗಿ ವಿಂಗಡಿಸಿದರು. ಆ ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಫಲಕ ಹಾಳಾದರೆ ಮೂಳೆ ಗಿಡ್ಡವೋ ಓರೆಯೋ ಆಗಿ ಬೆಳೆಯುತ್ತದೆ. ಅದು ಕಣ್ಣಿಗೆ ಬೀಳುವುದು ವರ್ಷವಾದ ಮೇಲೆ.

ಎಕ್ಸ್-ರೇ: ಒಂದು ಕೋನ ಸಾಲದು

ಮುಂದಿನಿಂದ ಒಂದು, ಪಕ್ಕದಿಂದ ಒಂದು, ಹೀಗೆ ಕನಿಷ್ಠ ಎರಡು ಚಿತ್ರ ಬೇಕು. ಮುಂದಿನಿಂದ ನೆಟ್ಟಗೆ ಕಂಡ ಮೂಳೆ ಪಕ್ಕದಿಂದ ಪೂರ್ತಿ ಸರಿದಿರಬಹುದು. ಮೇಲಿನ ಮತ್ತು ಕೆಳಗಿನ ಕೀಲುಗಳೂ ಚಿತ್ರದಲ್ಲಿ ಬರಬೇಕು, ಏಕೆಂದರೆ ಮುಂಗೈಯಲ್ಲಿ ಒಂದು ಮೂಳೆ ಮುರಿದು ಗಿಡ್ಡವಾದರೆ ಇನ್ನೊಂದು ಮೂಳೆ ಮೊಣಕೈಯಲ್ಲೋ ಮಣಿಕಟ್ಟಿನಲ್ಲೋ ಕೀಲು ತಪ್ಪಿರಬಹುದು. ಕೀಲಿನೊಳಗೆ ಹೊಕ್ಕ ಮುರಿತಕ್ಕೆ ಸಿಟಿ ಸ್ಕ್ಯಾನ್, ಎಕ್ಸ್-ರೇಗೆ ಸಿಗದ ಬಿರುಕಿಗೆ ಎಂಆರ್‌ಐ.

ಕೂರಿಸುವುದು, ಹಿಡಿಸುವುದು

ಜಾಗ ಬಿಟ್ಟು ಸರಿಯದ ಮುರಿತಕ್ಕೆ ಅಲುಗದಂತೆ ಹಿಡಿಸುವುದಷ್ಟೇ ಸಾಕು. ಸರಿದಿದ್ದರೆ ಮೊದಲು ಜಾಗಕ್ಕೆ ಕೂರಿಸಬೇಕು. ಚಾಚಿದ ಅಂಗೈ ಮೇಲೆ ಬಿದ್ದಾಗ ಆಗುವ ಮಣಿಕಟ್ಟಿನ ಮುರಿತವನ್ನೇ ನೋಡೋಣ. ಐರ್ಲೆಂಡಿನ ಶಸ್ತ್ರವೈದ್ಯ ಅಬ್ರಹಾಂ ಕೊಲೆಸ್ 1814ರಲ್ಲಿ ಇದನ್ನು ವಿವರಿಸಿದರು, ಎಕ್ಸ್-ರೇ ಬರುವುದಕ್ಕೆ 81 ವರ್ಷ ಮೊದಲೇ, ಕೈಯ ಆಕಾರ ನೋಡಿಯೇ. ಪಕ್ಕದಿಂದ ನೋಡಿದರೆ ಕೈ ಊಟದ ಫೋರ್ಕಿನಂತೆ ಬಾಗಿರುತ್ತದೆ.

ಮುರಿದ ಜಾಗದ ರಕ್ತಗಡ್ಡೆಯೊಳಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಹತ್ತು ನಿಮಿಷ ಕಾಯುತ್ತಾರೆ. ಸಹಾಯಕರು ಮೊಣಕೈ ಮೇಲೆ ಹಿಡಿದು ಹಿಂದಕ್ಕೆ ಎಳೆದರೆ, ವೈದ್ಯರು ಕೈಯನ್ನು ಮುಂದಕ್ಕೆ ಕೆಲವು ನಿಮಿಷ ಒಂದೇ ಸಮನೆ ಎಳೆಯುತ್ತಾರೆ. ಜಗ್ಗುವುದಲ್ಲ, ಸ್ನಾಯು ಸೋಲುವವರೆಗೆ ತಾಳ್ಮೆಯಿಂದ ಎಳೆಯುವುದು. ಆಮೇಲೆ, ನೋಡುವವರಿಗೆ ವಿಚಿತ್ರ ಎನಿಸುವಂತೆ, ಸೊಟ್ಟಗಿರುವುದನ್ನು ಇನ್ನಷ್ಟು ಸೊಟ್ಟ ಮಾಡುತ್ತಾರೆ. ಕಚ್ಚಿಕೊಂಡ ಅಂಚುಗಳು ಬಿಡುವುದು ಆಗಲೇ. ಕೂಡಲೇ ಹೆಬ್ಬೆರಳಿನಿಂದ ತುಂಡನ್ನು ಮುಂದಕ್ಕೂ ಕೆಳಕ್ಕೂ ಒತ್ತಿ ಕೂರಿಸುತ್ತಾರೆ.

ಈಗ ಸ್ಲ್ಯಾಬ್, ಅಂದರೆ ಪೂರ್ತಿ ಸುತ್ತದೆ ಒಂದು ಬದಿಗಷ್ಟೇ ಇಡುವ ಪ್ಲಾಸ್ಟರ್. ಬೆರಳಿನ ಗೆಣ್ಣಿನಿಂದ ಮೊಣಕೈ ಮಡಿಕೆಗೆ ಎರಡು ಮೂರು ಬೆರಳು ಕೆಳಗಿನವರೆಗೆ ಅಳತೆ ತೆಗೆದು ಪ್ಲಾಸ್ಟರ್ ಪಟ್ಟಿಯನ್ನು 8–10 ಪದರ ಮಡಚಬೇಕು, ಕಾಲಿಗಾದರೆ 12–15. ಚರ್ಮದ ಮೇಲೆ ಹತ್ತಿಯ ಸುರುಳಿಯನ್ನು ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚುವಂತೆ ಸುತ್ತಿ, ಮೂಳೆ ಉಬ್ಬಿದ ಕಡೆ ಇನ್ನೊಂದು ಪದರ ಸೇರಿಸಬೇಕು. ನೀರು ತಣ್ಣಗೋ ಉಗುರುಬೆಚ್ಚಗೋ ಇರಲಿ. ಪ್ಲಾಸ್ಟರ್ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ. ಬಿಸಿನೀರು, ಹೆಚ್ಚು ಪದರ, ಕೈಯ ಕೆಳಗೊಂದು ದಿಂಬು ಮೂರೂ ಸೇರಿದರೆ ಚರ್ಮ ಸುಡುತ್ತದೆ. ಪಟ್ಟಿಯನ್ನು ನೀರಿನಲ್ಲಿ ಅದ್ದಿ, ಗಾಳಿಗುಳ್ಳೆ ಬರುವುದು ನಿಂತ ಮೇಲೆ ಹಿಂಡಿ, ಕೈಗೆ ಒರಗಿಸಿ, ಅಂಗೈಯಿಂದ ನೀವಿ ಆಕಾರ ಕೊಡಬೇಕು. ಬೆರಳ ತುದಿಯಿಂದ ಒತ್ತಿದರೆ ಅಲ್ಲಿ ಗುಳಿ ಉಳಿದು ಒಳಗೆ ಹುಣ್ಣಾಗುತ್ತದೆ. ಅಂಗೈ ಕಡೆ ಪ್ಲಾಸ್ಟರ್ ಬೆರಳುಗಳ ಬುಡದ ಹತ್ತಿರದ ಅಡ್ಡಗೆರೆಯಲ್ಲೇ ನಿಲ್ಲಬೇಕು, ಬೆರಳು ಪೂರ್ತಿ ಮಡಚಲು ಬರಬೇಕು. ಮಣಿಕಟ್ಟನ್ನು ಅತಿಯಾಗಿ ಬಗ್ಗಿಸಿ ಕಟ್ಟಿದರೆ ನರ ಅದುಮಿ ಬೆರಳು ಜೋಮು ಹಿಡಿಯುತ್ತದೆ.

ಮೊದಲ ದಿನವೇ ಪೂರ್ತಿ ಸುತ್ತಿನ ಪ್ಲಾಸ್ಟರ್ ಹಾಕದೆ ಅರ್ಧ ಸ್ಲ್ಯಾಬ್ ಹಾಕುವುದು ಊತಕ್ಕೆ ಜಾಗ ಬಿಡಲು. ಊತ ಇಳಿದ ಮೇಲೆ ಸ್ಲ್ಯಾಬ್ ಸಡಿಲವಾಗಿ ಮೂಳೆ ಮತ್ತೆ ಜಾರಬಹುದು. ಅದಕ್ಕೇ ಒಂದನೇ ಮತ್ತು ಎರಡನೇ ವಾರ ಎಕ್ಸ್-ರೇ ತೆಗೆಯುತ್ತಾರೆ. ‘ನೋವಿಲ್ಲವಲ್ಲ’ ಎಂದು ಇದನ್ನು ತಪ್ಪಿಸಿಕೊಂಡವರು ಆರನೇ ವಾರ ಸೊಟ್ಟ ಕೂಡಿದ ಕೈಯೊಂದಿಗೆ ಬರುತ್ತಾರೆ. ಎರಡು ವಾರದೊಳಗೆ ಸುಲಭವಾಗಿ ಸರಿಮಾಡಬಹುದಾಗಿದ್ದಕ್ಕೆ ಆಮೇಲೆ ಮೂಳೆಯನ್ನು ಮತ್ತೆ ಕತ್ತರಿಸಬೇಕಾಗುತ್ತದೆ.

ಬಿಳಿ ಪ್ಲಾಸ್ಟರ್ ನಿಮಿಷಗಳಲ್ಲಿ ಬಿಗಿಯುತ್ತದೆ, ಆದರೆ ಪೂರ್ತಿ ಒಣಗಿ ಬಲ ಬರಲು ಒಂದರಿಂದ ಮೂರು ದಿನ ಬೇಕು. ಅಲ್ಲಿಯವರೆಗೆ ಕಾಲೂರಿದರೆ ಬಿರಿಯುತ್ತದೆ. ಫೈಬರ್ ಗ್ಲಾಸಿನದು ಒಂದು ಗಂಟೆಯೊಳಗೆ ಗಟ್ಟಿ, ಹಗುರ, ಎಕ್ಸ್-ರೇಗೂ ಅಡ್ಡಿ ಕಡಿಮೆ. ಆದರೆ ಆಕಾರಕ್ಕೆ ಬಗ್ಗುವುದರಲ್ಲಿ ಹಳೆಯ ಪ್ಲಾಸ್ಟರನ್ನು ಮೀರಿಸಿಲ್ಲ.

ಪ್ಲಾಸ್ಟರ್ ಹಾಕಿದ ರಾತ್ರಿ

ಮೊದಲ ಎರಡು ಮೂರು ದಿನ ಕೈಕಾಲನ್ನು ಎದೆಗಿಂತ ಎತ್ತರದಲ್ಲಿ ಇರಿಸಿ. ಗಂಟೆಗೊಮ್ಮೆ ಎಲ್ಲ ಬೆರಳುಗಳನ್ನೂ ಪೂರ್ತಿ ಮಡಚಿ ಬಿಡಿಸಿ. ತುರಿಕೆಗೆ ಒಳಗೆ ಕಡ್ಡಿ, ಸ್ಕೇಲ್, ಹೆಣಿಗೆ ಸೂಜಿ ತೂರಿಸಬೇಡಿ. ಗೀರಿದ ಜಾಗ ಕೊಳೆತು ವಾಸನೆ ಬಂದಾಗಲೇ ಗೊತ್ತಾಗುವುದು. ಹೇರ್ ಡ್ರೈಯರಿನ ತಣ್ಣನೆ ಗಾಳಿ ಬಿಡಬಹುದು.

ಇನ್ನು ಈ ಬರಹದಲ್ಲಿ ಒಂದೇ ಒಂದು ಪ್ಯಾರಾ ನೆನಪಿಡುವುದಾದರೆ ಇದನ್ನು ಇಡಿ. ಸ್ನಾಯುಗಳು ಹಿಗ್ಗದ ಪೊರೆಯ ಕೋಣೆಗಳಲ್ಲಿ ಕೂತಿವೆ. ಒಳಗೆ ರಕ್ತ ಮತ್ತು ಊತ, ಹೊರಗೆ ಬಿಗಿ ಕಟ್ಟು. ಒತ್ತಡ ಏರಿ ಸ್ನಾಯುವಿಗೆ ರಕ್ತ ನಿಲ್ಲುತ್ತದೆ. ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎನ್ನುವುದು ಇದನ್ನೇ. ಮೊದಲ ಗುರುತು ನೋವು: ಮಾತ್ರೆ, ಇಂಜೆಕ್ಷನ್ ಯಾವುದಕ್ಕೂ ಬಗ್ಗದ, ಗಂಟೆಯಿಂದ ಗಂಟೆಗೆ ಏರುವ, ಬೇರೆಯವರು ಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಿದರೂ ಚೀರುವಂಥ ನೋವು. ನಾಡಿ ಸಿಗುತ್ತಿದೆ ಎಂದು ಸಮಾಧಾನಪಡಬೇಡಿ, ಅದು ಕೊನೆಯವರೆಗೂ ಸಿಗುತ್ತಿರಬಹುದು. ಬೆಳಗಾಗಲಿ ಎಂದು ಕಾಯಲೂಬೇಡಿ. ಸುಮಾರು ಆರು ಗಂಟೆ ದಾಟಿದರೆ ಸ್ನಾಯು ಸಾಯತೊಡಗುತ್ತದೆ. ಪ್ಲಾಸ್ಟರನ್ನೂ ಅದರಡಿಯ ಹತ್ತಿಯನ್ನೂ ಚರ್ಮ ಕಾಣುವವರೆಗೆ ಸೀಳಬೇಕು. ಹತ್ತಿ ಉಳಿದರೆ ಅದೂ ರಕ್ತ ಹೀರಿ ಬಿಗಿದುಕೊಂಡಿರುತ್ತದೆ. ಈ ಹಂತದಲ್ಲಿ ಕೈಕಾಲನ್ನು ಎದೆಯ ಮಟ್ಟದಲ್ಲೇ ಇಡಿ, ಮೇಲೆತ್ತಿದರೆ ಬರುವ ರಕ್ತವೂ ಕಡಿಮೆಯಾಗುತ್ತದೆ. ಅಷ್ಟರಲ್ಲೂ ಇಳಿಯದಿದ್ದರೆ ತುರ್ತಾಗಿ ಪೊರೆಯನ್ನು ಉದ್ದಕ್ಕೆ ಕೊಯ್ದು ಬಿಡಿಸುವುದೇ ದಾರಿ.

ಯಾವಾಗ ಆಪರೇಷನ್, ಯಾವ ಲೋಹ

ಕೀಲಿನ ಮೇಲ್ಮೈ ಒಡೆದು 2 ಮಿ.ಮೀ.ಗಿಂತ ಹೆಚ್ಚು ಮೆಟ್ಟಿಲಾಗಿದ್ದರೆ, ಕೂರಿಸಿದ್ದು ನಿಲ್ಲದಿದ್ದರೆ, ತೆರೆದ ಮುರಿತವಾದರೆ, ರಕ್ತನಾಳಕ್ಕೆ ಪೆಟ್ಟಾಗಿದ್ದರೆ, ವಯಸ್ಕರ ತೊಡೆಮೂಳೆಯಾದರೆ, ವಯಸ್ಸಾದವರ ಸೊಂಟವಾದರೆ ಆಪರೇಷನ್ ಮಾತು ಬರುತ್ತದೆ.

ತೊಡೆ ಮತ್ತು ಕಣಕಾಲಿನ ನಡುಭಾಗಕ್ಕೆ ರಾಡ್, ವೈದ್ಯರ ಮಾತಲ್ಲಿ ನೈಲ್. ಮೂಳೆಯ ಟೊಳ್ಳಿನೊಳಗೆ ತೂರಿಸಿ ಮೇಲೆ ಕೆಳಗೆ ಸ್ಕ್ರೂ ಬಿಗಿದರೆ ಉದ್ದವೂ ತಿರುಚೂ ನಿಲ್ಲುತ್ತವೆ. ಮುರಿದ ಜಾಗವನ್ನು ತೆರೆಯುವ ಅಗತ್ಯ ಸಾಮಾನ್ಯವಾಗಿ ಬೀಳದು. ಮುಂಗೈಯ ಎರಡು ಮೂಳೆಗಳಿಗೂ ಕೀಲಿನ ಹತ್ತಿರದ ಮುರಿತಕ್ಕೂ ಪ್ಲೇಟು. ಮಂಡಿಚಿಪ್ಪು, ಮೊಣಕೈ ತುದಿಯಂಥ ಸ್ನಾಯು ಎಳೆಯುವ ಜಾಗಗಳಿಗೆ ಎರಡು ಕಂಬಿ ತೂರಿಸಿ ಎಂಟರ ಆಕಾರದ ತಂತಿ ಬಿಗಿಯುತ್ತಾರೆ. ಮಕ್ಕಳ ಮೊಣಕೈ, ಬೆರಳುಗಳಿಗೆ ಕೆ-ವೈರ್ ಎಂಬ ಸಣ್ಣ ಚೂಪು ಕಂಬಿ. ಪ್ಲೇಟು ಹಾಕಿ ಅಂಚಿಗೆ ಅಂಚು ಬಿಗಿದ ಮೂಳೆಯ ಎಕ್ಸ್-ರೇಯಲ್ಲಿ ಉಬ್ಬಿದ ಹೊಸ ಮೂಳೆ ಕಾಣುವುದಿಲ್ಲ. ‘ಕೂಡಿಯೇ ಇಲ್ಲ’ ಎಂದು ಹೆದರಬೇಡಿ; ಅಲುಗದ ಮೂಳೆ ಉಬ್ಬದೆ ನೇರವಾಗಿಯೇ ಕೂಡುತ್ತದೆ. ರಾಡ್ ಮತ್ತು ಪ್ಲಾಸ್ಟರಿನಲ್ಲಾದರೆ ಸ್ವಲ್ಪ ಅಲುಗಾಟ ಇರುವುದರಿಂದ ಗಂಟಿನಂತೆ ಹೊಸ ಮೂಳೆ ಕಟ್ಟುತ್ತದೆ.

ತೆರೆದ ಮುರಿತದ ಲೆಕ್ಕ ಗಂಟೆಗಳದ್ದು. ಗಾಯ 1 ಸೆಂ.ಮೀ. ಒಳಗಿದ್ದು ಶುದ್ಧವಾಗಿದ್ದರೆ ಮೊದಲ ದರ್ಜೆ, 1ರಿಂದ 10 ಸೆಂ.ಮೀ. ಎರಡನೆಯದು, ಅದಕ್ಕೂ ದೊಡ್ಡದು ಅಥವಾ ಜಜ್ಜಿಹೋದದ್ದು ಮೂರನೆಯದು. ಆ್ಯಂಟಿಬಯಾಟಿಕ್ ಸಾಧ್ಯವಾದರೆ ಮೊದಲ ಗಂಟೆಯಲ್ಲೇ ರಕ್ತನಾಳಕ್ಕೆ ಹೋಗಬೇಕು, ಟೆಟನಸ್ ಲಸಿಕೆ ನೋಡಬೇಕು, ಆಪರೇಷನ್ ಕೋಣೆಯಲ್ಲಿ ಲೀಟರ್‌ಗಟ್ಟಲೆ ಸಲೈನಿನಿಂದ ತೊಳೆದು ಸತ್ತ ಮಾಂಸ ತೆಗೆಯಬೇಕು. ಗಾಯ ಒಪ್ಪವಾಗುವವರೆಗೆ ಹೊರಗಿನಿಂದ ಕಂಬಿ ಚೌಕಟ್ಟು. ರಷ್ಯಾದ ಕುರ್ಗಾನ್ ಊರಿನ ವೈದ್ಯ ಇಲಿಜಾರೊವ್ ರೂಪಿಸಿದ ಉಂಗುರಗಳ ಚೌಕಟ್ಟಿನಿಂದ ಕಳೆದುಹೋದ ಮೂಳೆಯನ್ನೂ ಬೆಳೆಸಬಹುದು: ದಿನಕ್ಕೆ 1 ಮಿ.ಮೀ., ಕಾಲು ಮಿ.ಮೀ.ನಂತೆ ನಾಲ್ಕು ಬಾರಿ ತಿರುಗಿಸುತ್ತ.

ಮೋಸ ಮಾಡುವ ಮೂಳೆಗಳು

ಸ್ಕಾಫಾಯ್ಡ್ (ಮಣಿಕಟ್ಟಿನಲ್ಲಿ ಹೆಬ್ಬೆರಳ ಬದಿಯ ಸಣ್ಣ ಮೂಳೆ): ಹೆಬ್ಬೆರಳನ್ನು ಮೇಲಕ್ಕೆ ಚಾಚಿದಾಗ ಅದರ ಬುಡದಲ್ಲಿ ಕಾಣುವ ತ್ರಿಕೋನದ ಗುಳಿಯನ್ನು ಒತ್ತಿ ನೋಡಿ. ಬಿದ್ದ ಮೇಲೆ ಅಲ್ಲಿ ನೋವಿದ್ದರೆ ಎಕ್ಸ್-ರೇ ಶುದ್ಧವಿದ್ದರೂ ಪಟ್ಟಿ ಹಾಕಿ 10–14 ದಿನಕ್ಕೆ ಮತ್ತೆ ಚಿತ್ರ ತೆಗೆಸಬೇಕು, ಇಲ್ಲವೇ ಎಂಆರ್‌ಐ. ಈ ಮೂಳೆಗೆ ರಕ್ತ ಬರುವುದು ಬೆರಳ ಕಡೆಯಿಂದ ಹಿಮ್ಮುಖವಾಗಿ. ಮುರಿದರೆ ಮುಂಗೈ ಕಡೆಯ ತುಂಡು ರಕ್ತವಿಲ್ಲದೆ ಸಾಯಬಹುದು. ‘ಉಳುಕು’ ಎಂದು ಬಿಟ್ಟ ಮಣಿಕಟ್ಟು ವರ್ಷಗಳ ನಂತರ ಸವೆದು ನೋಯುವುದು ಹೀಗೆ.

ಮಕ್ಕಳ ಮೊಣಕೈ ಮೇಲಿನ ಮುರಿತ: ಐದಾರು ವರ್ಷದವರಲ್ಲಿ ಹೆಚ್ಚು. ಚೂಪಾದ ತುದಿ ಮುಂದಿನ ರಕ್ತನಾಳವನ್ನೂ ನರವನ್ನೂ ಚುಚ್ಚಬಹುದು. ಕೈ ಬಿಳಿಚಿ ತಣ್ಣಗಿದ್ದರೆ ತುರ್ತು. ಹೆಬ್ಬೆರಳು ತೋರುಬೆರಳು ಸೇರಿಸಿ ಗುಂಡನೆ ಸೊನ್ನೆ ಮಾಡಲು ಮಗುವಿಗೆ ಹೇಳಿ. ಸೊನ್ನೆ ಚಪ್ಪಟೆಯಾದರೆ ನರಕ್ಕೆ ಪೆಟ್ಟಾಗಿದೆ.

ಸೊಂಟದ ಮುರಿತ: ನಿಂತಲ್ಲೇ ಬಿದ್ದ ವೃದ್ಧರ ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಇದೇ. ನಿಜದಲ್ಲಿ ಮುರಿಯುವುದು ತೊಡೆಮೂಳೆಯ ಕತ್ತು ಅಥವಾ ಅದರ ಕೆಳಗಿನ ಭಾಗ. ಅವರನ್ನು ಕೊಲ್ಲುವುದು ಹಾಸಿಗೆ: ನ್ಯುಮೋನಿಯಾ, ಬೆನ್ನಹುಣ್ಣು, ಕಾಲಿನ ರಕ್ತ ಹೆಪ್ಪು. ಅದಕ್ಕೇ ಸಾಧ್ಯವಾದರೆ ಅಂದೇ ಅಥವಾ ಮರುದಿನ ಆಪರೇಷನ್, ಅದರ ಮರುದಿನ ಎದ್ದು ನಿಲ್ಲಿಸುವುದು. ಸರಿದ ಕತ್ತಿನ ಮುರಿತಕ್ಕೆ ವೃದ್ಧರಲ್ಲಿ ಕೀಲಿನ ಬದಲಿ, ಕತ್ತಿನ ಕೆಳಗಿನದಕ್ಕೆ ಸ್ಕ್ರೂ-ಪ್ಲೇಟ್ ಅಥವಾ ನೈಲ್.

ಪಕ್ಕೆಲುಬಿಗೆ ಬಿಗಿಪಟ್ಟಿ ಬೇಡ. ನೋವು ತಡೆದು ಆಳವಾಗಿ ಉಸಿರೆಳೆಸಬೇಕು, ಕೆಮ್ಮಿಸಬೇಕು. ಬೆರಳ ತುದಿ ಬಗ್ಗಿ ನೆಟ್ಟಗಾಗದಿದ್ದರೆ ಹಗಲೂ ರಾತ್ರಿ 6–8 ವಾರ ನೆಟ್ಟಗಿಡುವ ಸಣ್ಣ ಆಸರೆ. ಸ್ನಾನದಲ್ಲಿ ಒಮ್ಮೆ ಬಗ್ಗಿದರೂ ಎಣಿಕೆ ಮತ್ತೆ ಒಂದರಿಂದ. ಅಂಗೈ ಮೂಳೆ ಮುರಿದಾಗ ಮುಷ್ಟಿ ಕಟ್ಟಿಸಿ ನೋಡಿ, ಒಂದು ಬೆರಳು ಪಕ್ಕದ್ದರ ಮೇಲೇರಿದರೆ ಮೂಳೆ ತಿರುಚಿದೆ. ಓರೆ ಕೂಡಿದ್ದನ್ನು ಮಗುವಿನ ದೇಹ ಬೆಳೆಯುತ್ತ ತಿದ್ದಿಕೊಳ್ಳಬಹುದು, ತಿರುಚನ್ನು ತಿದ್ದದು.

ಎಷ್ಟು ದಿನ?

ಮೊದಲ ವಾರ ರಕ್ತಗಡ್ಡೆ ಮತ್ತು ಊತ, ಎರಡು ಮೂರನೇ ವಾರಕ್ಕೆ ಮೆತ್ತನೆಯ ಸೇತುವೆ, ಆಮೇಲೆ ಅದರಲ್ಲಿ ಸುಣ್ಣ ತುಂಬಿ ಗಟ್ಟಿ ಮೂಳೆ. ವಯಸ್ಕರಲ್ಲಿ ಬೆರಳಿಗೆ 3–4 ವಾರ, ಮಣಿಕಟ್ಟು ಮತ್ತು ಪಕ್ಕೆಲುಬಿಗೆ 6, ಕಾಲರ್ ಬೋನಿಗೆ 6–12, ತೋಳಿಗೆ 8–12, ಕಣಕಾಲು ಮತ್ತು ತೊಡೆಗೆ 12–16 ಅಥವಾ ಹೆಚ್ಚು. ಮಕ್ಕಳಿಗೆ ಸುಮಾರು ಅರ್ಧ. ಬೀಡಿ, ಸಿಗರೇಟು ಈ ಎಣಿಕೆಯನ್ನೆಲ್ಲ ಕೆಡಿಸುತ್ತವೆ. ಮಾತ್ರೆ ನುಂಗುವುದಕ್ಕಿಂತ ಮೊದಲು ಅದನ್ನು ಬಿಡಿ. ಒಂಬತ್ತು ತಿಂಗಳಾದರೂ ಕೂಡದೆ, ಕೊನೆಯ ಮೂರು ತಿಂಗಳಲ್ಲಿ ಬದಲಾವಣೆಯೂ ಕಾಣದಿದ್ದರೆ ಇನ್ನು ತಾನಾಗಿ ಕೂಡದು ಎಂದು ಲೆಕ್ಕ. ಆಗ ಸೊಂಟದಿಂದ ಮೂಳೆ ತೆಗೆದು ಕಸಿ ಮಾಡಿ ಮತ್ತೆ ಬಿಗಿಯಬೇಕಾಗಬಹುದು.

ಪ್ಲಾಸ್ಟರ್ ಕತ್ತರಿಸುವ ಗರಗಸ ತಿರುಗುವುದಿಲ್ಲ, ನಡುಗುತ್ತದೆ. ಗಟ್ಟಿ ಪ್ಲಾಸ್ಟರ್ ಸೀಳುತ್ತದೆ, ಮೆತ್ತನೆ ಚರ್ಮ ಅದರ ಜೊತೆ ಅಲುಗುತ್ತದೆ ಅಷ್ಟೆ. ಬಿಸಿ ಎನಿಸಿದರೆ ಮಾತ್ರ ನಿಲ್ಲಿಸಲು ಹೇಳಿ. ಒಳಗಿನ ಕೈ ಸಣಕಲಾಗಿ, ಹೊಟ್ಟೆದ್ದು, ಪೆಡಸಾಗಿರುವುದು ಸಹಜ. ಉಗುರುಬೆಚ್ಚಗಿನ ನೀರಿನಲ್ಲಿಟ್ಟು ದಿನಕ್ಕೆ ನಾಲ್ಕೈದು ಸಲ ನೀವೇ ಆಡಿಸಿ. ಬೇರೆಯವರು ಬಲವಂತದಿಂದ ಬಗ್ಗಿಸಬಾರದು, ಮೊಣಕೈಯನ್ನಂತೂ ಖಂಡಿತ ಬೇಡ. ಅಲ್ಲಿ ಹಟ ಮಾಡಿದರೆ ಸ್ನಾಯುವಿನೊಳಗೇ ಮೂಳೆ ಬೆಳೆದು ಕೀಲು ಇನ್ನಷ್ಟು ಬಿಗಿಯಬಹುದು.

ಕಂಕುಳ ಕೆಳಗಿನ ಊರುಗೋಲಾದರೆ ಕಂಕುಳಿಗೂ ಅದಕ್ಕೂ ಎರಡು ಮೂರು ಬೆರಳ ಅಂತರ ಇರಲಿ, ಮೊಣಕೈ 20–30 ಡಿಗ್ರಿ ಬಾಗಿರಲಿ, ಭಾರವೆಲ್ಲ ಅಂಗೈ ಮೇಲೆ. ಕಂಕುಳಲ್ಲಿ ತೂಗಿದರೆ ನರ ಅದುಮಿ ಮಣಿಕಟ್ಟು ಎತ್ತಲು ಬರದಂತಾಗುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಪೆಟ್ಟಿನ ಕಾಲು ಮತ್ತು ಕೋಲು ಮೊದಲು. ಒಂದೇ ಕೋಲಿಗೆ ಬಂದಾಗ ಅದನ್ನು ಒಳ್ಳೆಯ ಕಾಲಿನ ಬದಿಯ ಕೈಯಲ್ಲಿ ಹಿಡಿಯಿರಿ.

ಐವತ್ತು ದಾಟಿದವರು ನಿಂತ ಎತ್ತರದಿಂದ ಬಿದ್ದು ಮಣಿಕಟ್ಟು ಮುರಿದುಕೊಂಡರೆ ಮಣಿಕಟ್ಟಿನ ಚಿಕಿತ್ಸೆ ಅರ್ಧ ಕೆಲಸವಷ್ಟೇ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಅದರಲ್ಲಿ ಬರುವ ಅಂಕ, ಟಿ-ಸ್ಕೋರ್, −2.5 ಅಥವಾ ಅದಕ್ಕೂ ಕೆಳಗಿದ್ದರೆ ಅದು ಮೂಳೆ ಸವೆತ. ವಿಟಮಿನ್ ಡಿ ನೋಡಿ, ಆಹಾರವೂ ಸೇರಿ ದಿನಕ್ಕೆ 1000–1200 ಮಿ.ಗ್ರಾಂ. ಕ್ಯಾಲ್ಸಿಯಂ ಸಿಗುವಂತೆ ಮಾಡಿ, ಸವೆತ ತಡೆಯುವ ಔಷಧಿಯ ಬಗ್ಗೆ ವೈದ್ಯರನ್ನು ಕೇಳಿ. ವಾರಕ್ಕೊಂದು ನುಂಗುವ ಮಾತ್ರೆ ಕೊಟ್ಟರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ದೊಡ್ಡ ಲೋಟದ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗಬೇಡಿ. ಮಲಗಿದರೆ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿ ಸುಡುತ್ತದೆ. ಮನೆಯಲ್ಲಿ ಜಾರುವ ಕಾಲೊರೆಸು ಎತ್ತಿಡಿ, ಬಚ್ಚಲಿಗೆ ಹಿಡಿಕೆ ಹಾಕಿಸಿ, ಹಾಸಿಗೆಯಿಂದ ಶೌಚಕ್ಕೆ ಹೋಗುವ ದಾರಿಯಲ್ಲಿ ರಾತ್ರಿ ಒಂದು ಸಣ್ಣ ದೀಪ ಉರಿಯುತ್ತಿರಲಿ.